ಅಪ್ಪನ ಒಂದು ಹಲ್ಲು, ಮೂರು ಮಕ್ಕಳ ಮೆದುಳು: ಒಂದು ಕುಟುಂಬದ ಪ್ರಕರಣ ಅಧ್ಯಯನ

ಒಂದೇ ದಂಪತಿಗೆ ಮೂರು ಸಲ ಗರ್ಭ ನಿಂತಿತು. ಮೂರು ಸಲವೂ ಭ್ರೂಣಕ್ಕೆ ಬಂದದ್ದು ಒಂದೇ ಜೀನ್‌ನ ಒಂದೇ ಬದಲಾವಣೆ. ಆದರೆ ಮೊದಲನೆಯದರಲ್ಲಿ ಮೆದುಳು ಎರಡಾಗಲೇ ಇಲ್ಲ. ಎರಡನೆಯದರಲ್ಲಿ ಅರ್ಧಂಬರ್ಧ ಆಯಿತು. ಮೂರನೆಯದರಲ್ಲಿ ಪೂರ್ತಿ ಆಯಿತು. ಇದೇ ಬದಲಾವಣೆ ಇರುವ ತಂದೆ ನೌಕರಿ ಮಾಡಿಕೊಂಡು ಆರೋಗ್ಯವಾಗಿದ್ದಾರೆ. ಜೀನ್ ವರದಿ ಕೈಗೆ ಬಂದರೆ ಉತ್ತರ ಸಿಕ್ಕಿತು ಅಂದುಕೊಳ್ಳುವವರು ಬಹಳ ಜನ. ಅಂಥವರಿಗಾಗಿ ಈ ಪ್ರಕರಣ ಬರೆಯುತ್ತಿದ್ದೇನೆ.

ನಾನು ಜೆನೆಟಿಕ್ ಕೌನ್ಸೆಲಿಂಗ್ ಕಡೆಯಿಂದ ಈ ತಂಡದಲ್ಲಿದ್ದೆ. ಕುಟುಂಬದ ಗುರುತು ಸಿಗದ ಹಾಗೆ ಕೆಲವು ವಿವರಗಳನ್ನು ಬದಲಿಸಿದ್ದೇನೆ, ಕೆಲವನ್ನು ಬಿಟ್ಟಿದ್ದೇನೆ. ನಿರ್ಧಾರಗಳನ್ನು ಮಾತ್ರ ಇದ್ದ ಹಾಗೇ ಇಟ್ಟಿದ್ದೇನೆ.

ಹಿನ್ನೆಲೆ

ಮೊದಲ ಗರ್ಭದ ಸಮಯದಲ್ಲಿ ಅವರು ನಮ್ಮಲ್ಲಿಗೆ ಬಂದಿರಲಿಲ್ಲ. ಬೇರೆ ಕಡೆ ತೋರಿಸುತ್ತಿದ್ದರು. ತಾಯಿಗೆ ಸಕ್ಕರೆ ಕಾಯಿಲೆ ಇರಲಿಲ್ಲ, ಮದ್ಯದ ಅಭ್ಯಾಸ ಇರಲಿಲ್ಲ. ರಕ್ತಸಂಬಂಧದ ಮದುವೆಯೂ ಅಲ್ಲ. 20ನೇ ವಾರದ ಸ್ಕ್ಯಾನ್‌ನಲ್ಲಿ ತೊಂದರೆ ಕಂಡಿತು. ತಲೆಯ ನಡುವೆ ಎರಡು ಅರ್ಧಗೋಳಗಳನ್ನು ಬೇರೆ ಮಾಡುವ ಗೆರೆಯೇ ಇರಲಿಲ್ಲ. ಎರಡು ಇರಬೇಕಾದ ನೀರಿನ ಕೋಣೆಗಳು ಸೇರಿ ಒಂದೇ ಆಗಿದ್ದವು. ಮೆದುಳಿನ ಆಳದಲ್ಲಿ ಜೋಡಿಯಾಗಿರುವ ಥಲಾಮಸ್ ಎರಡೂ ಅಂಟಿಕೊಂಡಿದ್ದವು. ಮುಖದಲ್ಲಿ ಕಣ್ಣುಗಳು ತೀರಾ ಹತ್ತಿರ, ಮೂಗು ಚಪ್ಪಟೆ.

ಇದನ್ನು ಹೋಲೋಪ್ರೊಸೆನ್ಸೆಫಲಿ ಎನ್ನುತ್ತಾರೆ. ಮುಮ್ಮೆದುಳು ಎಡ ಬಲ ಎಂದು ಭಾಗವಾಗದೆ ಉಳಿಯುವ ಸ್ಥಿತಿ. ಅದರಲ್ಲೂ ಇದು ಅತಿ ತೀವ್ರವಾದ ಏಲೋಬಾರ್ ಬಗೆ. ಇದೇನು ಅಪರೂಪಕ್ಕೆ ಆಗುವಂಥದ್ದಲ್ಲ. ಮೊದಲ ವಾರಗಳಲ್ಲೇ ಕಳೆದುಹೋಗುವ ಗರ್ಭಗಳನ್ನೂ ಎಣಿಸಿದರೆ ಸುಮಾರು 250ರಲ್ಲಿ ಒಂದು ಭ್ರೂಣದಲ್ಲಿ ಇದು ಇರುತ್ತದೆ. ಹೆಚ್ಚಿನವು ಉಳಿಯುವುದಿಲ್ಲ. ಆದ್ದರಿಂದ ಹುಟ್ಟುವ ಮಕ್ಕಳಲ್ಲಿ ಇದು ಸುಮಾರು 10,000ಕ್ಕೆ ಒಂದರಂತೆ ಕಾಣುತ್ತದೆ.

ಈ ಸ್ಥಿತಿಗೆ ಗೊತ್ತಿರುವ ಕ್ರೋಮೋಸೋಮ್ ಕಾರಣಗಳಲ್ಲಿ ಮೊದಲನೆಯದು ಟ್ರೈಸೋಮಿ 13, ಅಂದರೆ 13ನೇ ಕ್ರೋಮೋಸೋಮ್ ಎರಡರ ಬದಲು ಮೂರು ಇರುವುದು. ಹಾಗಾಗಿ ಗರ್ಭದ ನೀರು ತೆಗೆದು ಪರೀಕ್ಷೆ ಮಾಡಿದರು. ಕ್ರೋಮೋಸೋಮ್‌ಗಳು ಸರಿಯಾಗಿದ್ದವು. ಕ್ರೋಮೋಸೋಮ್ ತುಂಡುಗಳ ಹೆಚ್ಚುಕಡಿಮೆ ಹುಡುಕುವ ಮೈಕ್ರೋಅರೇ ಪರೀಕ್ಷೆ ಕೂಡ ಸರಿಯಾಗಿತ್ತು. ದಂಪತಿ ಗರ್ಭ ಮುಂದುವರಿಸದಿರಲು ನಿರ್ಧರಿಸಿದರು. ಅವರಿಗೆ ಸಿಕ್ಕ ಸಮಾಧಾನ ಇಷ್ಟು: "ಇದು ಆಕಸ್ಮಿಕ. ಮತ್ತೆ ಆಗುವ ಸಾಧ್ಯತೆ ಕಡಿಮೆ."

ಅಲ್ಲಿ ಯಾರೋ ಒಬ್ಬರು ಭ್ರೂಣದ ಡಿಎನ್‌ಎ ತೆಗೆದಿಡಲು ಹೇಳಿದ್ದರು. ಆಗ ಅದನ್ನು ಯಾರೂ ದೊಡ್ಡ ವಿಷಯ ಅಂದುಕೊಂಡಿರಲಿಲ್ಲ. ಮುಂದೆ ಎಲ್ಲ ನಿಂತದ್ದು ಅದರ ಮೇಲೆ.

ನಾಲ್ಕನೇ ವಾರದಲ್ಲಿ ಏನಾಗುತ್ತದೆ

ಪ್ರಕರಣದ ಮುಂದಿನ ಭಾಗ ಅರ್ಥವಾಗಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು. ಗರ್ಭ ಕಟ್ಟಿದ ಮೂರನೇ, ನಾಲ್ಕನೇ ವಾರದಲ್ಲಿ ಭ್ರೂಣ ಕೆಲವೇ ಮಿಲಿಮೀಟರ್ ಉದ್ದ ಇರುತ್ತದೆ. ಎಷ್ಟೋ ಸಲ ತಾಯಿಗೆ ಗರ್ಭಿಣಿ ಎಂದೇ ಗೊತ್ತಿರುವುದಿಲ್ಲ. ಮೆದುಳು ಎರಡಾಗಬೇಕೋ ಬೇಡವೋ ಎನ್ನುವುದು ಆಗಲೇ ತೀರ್ಮಾನವಾಗುತ್ತಿರುತ್ತದೆ.

ಆ ಹೊತ್ತಿಗೆ ಮೆದುಳು ಎಂದರೆ ಕೋಶಗಳ ಒಂದು ಹಾಳೆ ಅಷ್ಟೆ. ಅದರ ಮುಂಭಾಗದ ಕೆಳಗೆ, ನಡುಗೆರೆಯಲ್ಲಿ, ಪ್ರೀಕಾರ್ಡಲ್ ಪ್ಲೇಟ್ ಎಂಬ ಚಿಕ್ಕ ಅಂಗಾಂಶ ಇರುತ್ತದೆ. ಅದು ಹುಟ್ಟುವುದಕ್ಕೇ ನೋಡಲ್ ಎಂಬ ಇನ್ನೊಂದು ಸಂಕೇತ ಬೇಕು. ಹುಟ್ಟಿದ ಮೇಲೆ ಅದು ಸೋನಿಕ್ ಹೆಜ್‌ಹಾಗ್ ಎಂಬ ಪ್ರೋಟೀನನ್ನು ಸ್ರವಿಸುತ್ತದೆ. ಇದಕ್ಕೆ ಚಿಕ್ಕದಾಗಿ ಎಸ್‌ಎಚ್‌ಎಚ್ ಎನ್ನುತ್ತಾರೆ. ಹೆಜ್‌ಹಾಗ್ ಗುಂಪಿನ ಜೀನ್ ಮೊದಲು ಗೊತ್ತಾದದ್ದು ಹಣ್ಣಿನ ನೊಣದಲ್ಲಿ. 1980ರಲ್ಲಿ ನುಸ್ಲೈನ್-ಫೋಲ್‌ಹಾರ್ಡ್ ಮತ್ತು ವೀಷೌಸ್ ನೊಣದ ಮರಿಹುಳುಗಳಲ್ಲಿ ಹುಡುಕಿದ ಜೀನ್‌ಗಳಲ್ಲಿ ಹೆಜ್‌ಹಾಗ್ ಒಂದು. ಆ ಕೆಲಸಕ್ಕೆ 1995ರಲ್ಲಿ ನೊಬೆಲ್ ಬಂತು. ಬೆನ್ನೆಲುಬಿನ ಪ್ರಾಣಿಗಳಲ್ಲಿ ಅದರ ಬಂಧು ಎಸ್‌ಎಚ್‌ಎಚ್ ಸಿಕ್ಕಿದ್ದು 1993ರಲ್ಲಿ.

ಎಸ್‌ಎಚ್‌ಎಚ್ ಹುಟ್ಟುವ ಜಾಗದಲ್ಲಿ ಜಾಸ್ತಿ ಇರುತ್ತದೆ, ದೂರ ಹೋದಂತೆ ಕಡಿಮೆಯಾಗುತ್ತದೆ. ಒಲೆಯ ಹತ್ತಿರ ಕೂತವರಿಗೆ ಕಾವು ಜಾಸ್ತಿ, ದೂರ ಕೂತವರಿಗೆ ಕಡಿಮೆ, ಹಾಗೆ. ತನಗೆ ಎಷ್ಟು ತಾಗಿತು, ಎಷ್ಟು ಹೊತ್ತು ತಾಗಿತು ಎನ್ನುವುದರ ಮೇಲೆ ಪ್ರತಿ ಕೋಶವೂ ತಾನು ಏನಾಗಬೇಕು ಎಂದು ಗೊತ್ತುಮಾಡಿಕೊಳ್ಳುತ್ತದೆ. ಎಸ್‌ಎಚ್‌ಎಚ್ ಸಾಕಷ್ಟು ಸಿಕ್ಕ ಕೋಶಗಳು ಮೆದುಳಿನ ಕೆಳಭಾಗ ಆಗುತ್ತವೆ. ಮೇಲಿನಿಂದ ಬಿಎಂಪಿ ಮತ್ತು ವಿಂಟ್ ಸಂಕೇತಗಳು ಬರುತ್ತವೆ. ಮುಂದುಗಡೆಯಿಂದ ಎಫ್‌ಜಿಎಫ್8 ಬರುತ್ತದೆ. ಇವುಗಳ ಎಳೆದಾಟದಲ್ಲೇ ಮುಮ್ಮೆದುಳಿಗೆ ಮೇಲೆ, ಕೆಳಗೆ, ಮುಂದೆ, ಹಿಂದೆ ಎಂಬ ದಿಕ್ಕು ಸಿಗುತ್ತದೆ.

ಕೋಶದ ಒಳಗೆ ನಡೆಯುವುದು ಇನ್ನೂ ಕುತೂಹಲದ್ದು. ಎಸ್‌ಎಚ್‌ಎಚ್ ಇಲ್ಲದಾಗ ಪ್ಯಾಚ್ಡ್ ಎಂಬ ಪ್ರೋಟೀನು ಸ್ಮೂದನ್ಡ್ ಎಂಬ ಇನ್ನೊಂದನ್ನು ಅದುಮಿಟ್ಟಿರುತ್ತದೆ. ಎಸ್‌ಎಚ್‌ಎಚ್ ಬಂದು ಪ್ಯಾಚ್ಡ್‌ಗೆ ಅಂಟಿದರೆ ಸ್ಮೂದನ್ಡ್ ಬಿಡುಗಡೆಯಾಗುತ್ತದೆ. ಅದು ಕೋಶದ ಮೇಲಿರುವ ಸಣ್ಣ ಕೂದಲಿನಂಥ ಸೀಲಿಯಮ್‌ಗೆ ಹೋಗುತ್ತದೆ. ಅಲ್ಲಿಂದ ಗ್ಲೈ ಎಂಬ ಪ್ರೋಟೀನುಗಳ ಮೂಲಕ ಸುದ್ದಿ ಡಿಎನ್‌ಎ ವರೆಗೆ ಮುಟ್ಟುತ್ತದೆ. ಗ್ಲೈ3 ಸುಮ್ನೆ ಬಿಟ್ಟರೆ ಕೆಳಭಾಗದ ಜೀನ್‌ಗಳನ್ನು ಅದುಮುತ್ತದೆ. ಅದನ್ನು ತಡೆಯುವುದೇ ಎಸ್‌ಎಚ್‌ಎಚ್‌ನ ದೊಡ್ಡ ಕೆಲಸ. ಎಸ್‌ಎಚ್‌ಎಚ್ ಇಲ್ಲದ ಇಲಿಯಲ್ಲಿ ಗ್ಲೈ3 ಕೂಡ ತೆಗೆದರೆ ಮುಮ್ಮೆದುಳು ಎಷ್ಟೋ ಸುಧಾರಿಸುತ್ತದೆ. ಅಂದರೆ ಒಂದು ಸಂಕೇತದ ಕೊರತೆ ಎಷ್ಟು ಕೆಡುಕು ಮಾಡುತ್ತದೆ ಎನ್ನುವುದು ಆ ಸಂಕೇತ ಒಂದರಿಂದಲೇ ತೀರ್ಮಾನವಾಗುವುದಿಲ್ಲ. ಅದಕ್ಕೆ ಎದುರಾಗಿ ಏನು ನಿಂತಿದೆ ಎನ್ನುವುದೂ ಮುಖ್ಯ. ಈ ಮಾತು ಮುಂದೆ ಬೇಕಾಗುತ್ತದೆ.

ಕಣ್ಣಿನ ಕಥೆಯೂ ಇದೇ. ಮೊದಲು ನಡುವಿನಲ್ಲಿ ಕಣ್ಣಿನ ಒಂದೇ ಕ್ಷೇತ್ರ ಇರುತ್ತದೆ. ಎಸ್‌ಎಚ್‌ಎಚ್ ಅದರ ಮಧ್ಯಭಾಗವನ್ನು ಅದುಮಿ ಎರಡಾಗಿ ಮಾಡುತ್ತದೆ. 1996ರಲ್ಲಿ ಎಸ್‌ಎಚ್‌ಎಚ್‌ನ ಎರಡೂ ಪ್ರತಿ ಇಲ್ಲದ ಇಲಿ ಮರಿಗಳಲ್ಲಿ ಈ ವಿಭಜನೆ ಆಗಲಿಲ್ಲ, ಕಣ್ಣು ಒಂದೇ ಆಯಿತು. ಅದೇ ವರ್ಷ ಮನುಷ್ಯರ ಹೋಲೋಪ್ರೊಸೆನ್ಸೆಫಲಿಯಲ್ಲೂ ಈ ಜೀನ್‌ನ ದೋಷ ಪತ್ತೆಯಾಯಿತು. ಇದಕ್ಕೂ ದಶಕಗಳ ಮೊದಲೇ ಅಮೆರಿಕದ ಐಡಹೊದಲ್ಲಿ ಒಂದು ಕಣ್ಣಿನ ಕುರಿಮರಿಗಳು ಹುಟ್ಟಿದ್ದವು. ಹುಡುಕಿದಾಗ, ಗರ್ಭದ 14ನೇ ದಿನದ ಸುಮಾರಿಗೆ ತಾಯಿ ಕುರಿ ಒಂದು ಕಾಡುಗಿಡ ತಿಂದಿದ್ದರೆ ಹೀಗಾಗುತ್ತದೆ ಎಂದು ಗೊತ್ತಾಯಿತು. ಗಿಡದಲ್ಲಿದ್ದ ಸೈಕ್ಲೋಪಮೈನ್ ಎಂಬ ವಸ್ತು ನೇರವಾಗಿ ಸ್ಮೂದನ್ಡ್‌ಗೆ ಅಂಟಿ ಅದನ್ನು ತಡೆಯುತ್ತದೆ ಎನ್ನುವುದು ಖಚಿತವಾದದ್ದು 2002ರಲ್ಲಿ. ಆ ದಿನಗಳನ್ನು ಬಿಟ್ಟು ಬೇರೆ ಸಮಯದಲ್ಲಿ ತಿಂದರೆ ಈ ದೋಷ ಬರುತ್ತಿರಲಿಲ್ಲ.

ಎರಡನೇ ಗರ್ಭ: ಆಕಸ್ಮಿಕ ಎನ್ನುವ ಮಾತು ಬಿದ್ದುಹೋಯಿತು

ಎರಡನೇ ಸಲ ಗರ್ಭಿಣಿಯಾದಾಗ ಅವರು ನಮ್ಮ ತಂಡಕ್ಕೆ ಬಂದರು. 12ನೇ ವಾರದ ಸ್ಕ್ಯಾನ್ ಸಮಾಧಾನಕರವಾಗಿತ್ತು. ಆ ವಯಸ್ಸಿನಲ್ಲಿ ತಲೆಯ ಅಡ್ಡ ಸೀಳಿನಲ್ಲಿ ಮೆದುಳಿನ ನೀರು ತಯಾರಿಸುವ ಕೋರಾಯ್ಡ್ ಪ್ಲೆಕ್ಸಸ್ ಎರಡು ಬದಿಗೆ ಚಿಟ್ಟೆಯ ರೆಕ್ಕೆಯಂತೆ ಕಾಣಬೇಕು. ಕಾಣುತ್ತಿತ್ತು. ಏಲೋಬಾರ್ ಬಗೆ ಅಲ್ಲ ಎಂದು ಅಷ್ಟರಿಂದಲೇ ಹೇಳಬಹುದಿತ್ತು. ಸೌಮ್ಯ ಬಗೆ ಇಲ್ಲ ಎಂದು ಹೇಳಲು ಮಾತ್ರ ಅಷ್ಟು ಸಾಲದು. ತಾಯಿಗೆ ಈ ವ್ಯತ್ಯಾಸವನ್ನು ಅದೇ ದಿನ ಹೇಳಿದೆವು. ಖುಷಿಯ ದಿನ ಇದೆಲ್ಲ ಯಾಕೆ ಎಂದು ತಂಡದಲ್ಲಿ ಒಬ್ಬರಿಗೆ ಅನಿಸಿತ್ತು. ಹೇಳಿದ್ದೇ ಸರಿ ಎಂದು ನನ್ನ ಅಭಿಪ್ರಾಯ. ಯಾಕೆಂದರೆ 20ನೇ ವಾರದಲ್ಲಿ ಮತ್ತೆ ಕೆಟ್ಟ ಸುದ್ದಿ ಬಂತು. ಆಗ ಅವರು ನಮ್ಮ ಮೇಲೆ ನಂಬಿಕೆ ಕಳೆದುಕೊಳ್ಳಲಿಲ್ಲ.

ಈ ಸಲ ಕಂಡದ್ದು ಬೇರೆ. ಮೆದುಳಿನ ಹೆಚ್ಚಿನ ಭಾಗ ಎರಡಾಗಿತ್ತು. ಥಲಾಮಸ್‌ಗಳು ಬೇರೆ ಬೇರೆ ಇದ್ದವು. ಆದರೆ ಮುಂದಿನ ಭಾಗದಲ್ಲಿ ಎರಡು ನೀರಿನ ಕೋಣೆಗಳ ನಡುವಿನ ತೆಳು ಗೋಡೆ ಇರಲಿಲ್ಲ. ಮುಖ ಹೆಚ್ಚೂಕಡಿಮೆ ಸರಿಯಾಗಿತ್ತು.

ಇಲ್ಲಿ ತಂಡ ಎರಡಾಯಿತು. ನಡುವಿನ ಗೋಡೆ ಇಲ್ಲದಿರುವುದು, ಕಣ್ಣಿನ ನರ ಸರಿಯಾಗಿ ಬೆಳೆಯದ ಸೆಪ್ಟೋ-ಆಪ್ಟಿಕ್ ಡಿಸ್‌ಪ್ಲೇಸಿಯಾದಲ್ಲೂ ಕಾಣುತ್ತದೆ. ಅದರ ಮುನ್ಸೂಚನೆ ಬೇರೆ. ಕೆಲವರು ಅದೇ ಇರಬೇಕು ಎಂದರು. ಮುಖ ಚೆನ್ನಾಗಿದೆಯಲ್ಲ ಎನ್ನುವುದು ಅವರ ವಾದದ ಒಂದು ಭಾಗ. 'ಮುಖ ಮೆದುಳನ್ನು ಮುಂಗಾಣಿಸುತ್ತದೆ' ಎಂಬ ಮಾತು 1964ರಿಂದಲೂ ಈ ಕ್ಷೇತ್ರದಲ್ಲಿ ಚಾಲ್ತಿಯಲ್ಲಿದೆ. ಮುಖದ ನಡುಭಾಗವನ್ನೂ ಮೆದುಳಿನ ಕೆಳಭಾಗವನ್ನೂ ರೂಪಿಸುವುದು ಒಂದೇ ಸಂಕೇತಗಳ ಗುಂಪು, ಆದ್ದರಿಂದ ಅದು ಬಹಳ ಸಲ ನಿಜ. ಆದರೆ ಎಲ್ಲ ಸಲವೂ ಅಲ್ಲ. ಸೌಮ್ಯ ಬಗೆಗಳಲ್ಲಿ ಅಂತೂ ಅದನ್ನು ನೆಚ್ಚಿಕೊಳ್ಳಲಾಗದು.

ಭ್ರೂಣದ ಎಂಆರ್‌ಐ ಮಾಡಿಸಿದೆವು. ಎಡ ಬಲದ ಮುಂದಿನ ಹಾಲೆಗಳು ತಳದಲ್ಲಿ ಸ್ವಲ್ಪ ಸೇರಿಕೊಂಡಿದ್ದವು. ಎರಡಾಗಿರಬೇಕಾದ ಫಾರ್ನಿಕ್ಸ್ ಎಂಬ ನರತಂತುಗಳ ಎಳೆ ದಪ್ಪನೆಯ ಒಂದೇ ಕಟ್ಟಾಗಿ ಕಂಡಿತು. ಅಲ್ಲಿಗೆ ಇದು ಲೋಬಾರ್ ಹೋಲೋಪ್ರೊಸೆನ್ಸೆಫಲಿ, ಅಂದರೆ ಅದರ ಸೌಮ್ಯ ಬಗೆ, ಎಂದು ಒಪ್ಪಿಗೆಯಾಯಿತು. ಒಂದೇ ದಂಪತಿಗೆ ಎರಡನೇ ಸಲ. ಇದನ್ನು ಇನ್ನು ಆಕಸ್ಮಿಕ ಎನ್ನಲಾಗುತ್ತಿರಲಿಲ್ಲ.

ಹಲ್ಲಿನ ಪ್ರಶ್ನೆ

ಕುಟುಂಬದ ಇತಿಹಾಸವನ್ನು ಮತ್ತೆ ಮೊದಲಿಂದ ಕೇಳಿದೆವು. ಹಳೆಯ ದಾಖಲೆಯಲ್ಲಿ 'ಗಮನಾರ್ಹವಾದದ್ದೇನೂ ಇಲ್ಲ' ಎಂದಿತ್ತು. ಕುಟುಂಬದಲ್ಲಿ ಯಾರಿಗಾದರೂ ಮೆದುಳಿನ ತೊಂದರೆ ಇದೆಯೇ ಎಂದು ಕೇಳಿದ್ದಿರಬೇಕು. ಇಲ್ಲ ಎಂದು ಅವರು ಹೇಳಿದ್ದೂ ನಿಜವೇ.

ಈ ಸಲ ಪ್ರಶ್ನೆಗಳು ಬೇರೆ ಇದ್ದವು. ವಾಸನೆ ಗೊತ್ತಾಗದವರು ಯಾರಾದರೂ ಇದ್ದಾರಾ? ಹುಟ್ಟಿದಾಗ ಮೂಗಿನ ದಾರಿ ಚಿಕ್ಕದಾಗಿ ಉಸಿರಿಗೆ ಕಷ್ಟಪಟ್ಟವರು? ಸೀಳುತುಟಿ? ಮೇಲಿನ ಸಾಲಿನಲ್ಲಿ, ಸರಿಯಾಗಿ ನಡುವೆ, ಎರಡು ಬಾಚಿಹಲ್ಲಿನ ಬದಲು ಒಂದೇ ಇದ್ದವರು?

ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ನನಗೇ ಇತ್ತು" ಎಂದರು. ಹಾಲುಹಲ್ಲಿನಲ್ಲೂ ಒಂದೇ, ಆಮೇಲೆ ಬಂದದ್ದೂ ಒಂದೇ. ಹದಿಹರೆಯದಲ್ಲಿ ದಂತವೈದ್ಯರು ತಂತಿ ಹಾಕಿ ಅದನ್ನು ಒಂದು ಬದಿಗೆ ಸರಿಸಿ, ಪಕ್ಕದಲ್ಲಿ ಕೃತಕ ಹಲ್ಲು ಕೂಡಿಸಿದ್ದರು. ನೋಡಿದವರಿಗೆ ಏನೂ ಗೊತ್ತಾಗುವಂತಿರಲಿಲ್ಲ. "ಹಲ್ಲಿಗೂ ಮಗುವಿನ ಮೆದುಳಿಗೂ ಏನು ಸಂಬಂಧ ಅಂತ ಯಾರು ಅಂದ್ಕೊಳ್ತಾರೆ ಮೇಡಂ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ ಅಲ್ವಾ? ತುಟಿಯ ಒಳಬದಿಯಿಂದ ಒಸಡಿಗೆ ಇರುವ ನಡುವಿನ ಎಳೆಯೂ ಅವರಲ್ಲಿ ಇರಲಿಲ್ಲ. ಕಣ್ಣುಗಳು ಸ್ವಲ್ಪ ಹತ್ತಿರ ಎನ್ನಬಹುದು, ಹುಡುಕಿ ನೋಡಿದರೆ ಮಾತ್ರ. ಆಮೇಲೆ ಮಾಡಿಸಿದ ಅವರ ಎಂಆರ್‌ಐಯಲ್ಲಿ ಮೆದುಳು ಸರಿಯಾಗಿತ್ತು.

ಈ ಪ್ರಕರಣದ ದಿಕ್ಕು ಬದಲಾದದ್ದು ಇಲ್ಲಿ. ದುಬಾರಿ ಯಂತ್ರದಿಂದಲ್ಲ, ಒಂದು ಪ್ರಶ್ನೆಯಿಂದ. ನಡುಗೆರೆಯಲ್ಲಿ ಒಂದೇ ಬಾಚಿಹಲ್ಲು ಇರುವುದು ಹೋಲೋಪ್ರೊಸೆನ್ಸೆಫಲಿಯ ಅತಿ ಸೌಮ್ಯ ರೂಪವಾಗಿರಬಹುದು. ಮುಖದ ನಡುಭಾಗ ಅಗಲವಾಗಲೂ ಎಸ್‌ಎಚ್‌ಎಚ್ ಬೇಕು. ಅದು ಸ್ವಲ್ಪ ಕಡಿಮೆಯಾದರೆ ಎರಡು ಹಲ್ಲಿಗೆ ಜಾಗ ಆಗುವುದಿಲ್ಲ.

ಯಾರನ್ನು ಮೊದಲು ಪರೀಕ್ಷಿಸಬೇಕು ಎಂಬ ಚರ್ಚೆ ನಡೆಯಿತು. ತಂದೆಯ ರಕ್ತ ಸುಲಭವಾಗಿ ಸಿಗುತ್ತದೆ. ಆದರೂ ಮೊದಲ ಭ್ರೂಣದ ಉಳಿಸಿಟ್ಟ ಡಿಎನ್‌ಎಯಿಂದಲೇ ಶುರು ಮಾಡಿದೆವು. ತೀವ್ರತೆ ಅತಿ ಹೆಚ್ಚು ಇರುವವರಲ್ಲಿ ಕಾರಣ ಸಿಗುವ ಸಾಧ್ಯತೆ ಜಾಸ್ತಿ. ಅಲ್ಲಿ ಎರಡು ಬದಲಾವಣೆ ಕೂಡಿರಬಹುದು ಎಂಬ ಗುಮಾನಿಯೂ ಇತ್ತು. ತಂದೆಯಿಂದ ಶುರು ಮಾಡಿದ್ದರೆ ತಾಯಿಯ ಕಡೆಯ ಪಾಲು ಕಾಣುತ್ತಲೇ ಇರಲಿಲ್ಲ. ಎಸ್‌ಎಚ್‌ಎಚ್, ಜಿಕ್2, ಸಿಕ್ಸ್3, ಟಿಜಿಐಎಫ್1 ಮತ್ತು ಇವುಗಳ ಜೊತೆಗಾರ ಜೀನ್‌ಗಳನ್ನು ಒಟ್ಟಿಗೆ ನೋಡಿಸಿದೆವು.

ಎಸ್‌ಎಚ್‌ಎಚ್‌ನಲ್ಲೇ ಸಿಕ್ಕಿತು. ಒಂದೇ ಅಕ್ಷರದ ಬದಲಾವಣೆ. ಅದರಿಂದ ಪ್ರೋಟೀನಿನ ಬರವಣಿಗೆ ನಡುವೆಯೇ ನಿಲ್ಲುತ್ತದೆ. ಸಂಕೇತ ಕೊಡುವ ಭಾಗ ಪೂರ್ತಿ ಆಗುವುದೇ ಇಲ್ಲ. ಮೈಕ್ರೋಅರೇ ದೊಡ್ಡ ತುಂಡುಗಳು ಕಳೆದುಹೋಗಿದ್ದರೆ, ಇಲ್ಲವೇ ಹೆಚ್ಚಾಗಿದ್ದರೆ ಹೇಳುತ್ತದೆ. ಒಂದು ಅಕ್ಷರದ ತಪ್ಪು ಅದಕ್ಕೆ ಕಾಣುವುದಿಲ್ಲ. ತಂದೆಯಲ್ಲಿ ಇದೇ ಬದಲಾವಣೆ ಇತ್ತು, ಎರಡನೇ ಭ್ರೂಣದಲ್ಲೂ ಇತ್ತು. ತಾಯಿಯಲ್ಲಿ ಇರಲಿಲ್ಲ.

ಒಂದೇ ಬದಲಾವಣೆಯಾದರೆ ಫಲ ಯಾಕೆ ಬೇರೆ

ದಂಪತಿ ಕೇಳಿದ ಮೊದಲ ಪ್ರಶ್ನೆ ಇದೇ. ನಮ್ಮೊಳಗಿನ ಕಿರಿಯರೂ ಇದನ್ನೇ ಕೇಳಿದರು.

ಮೂವರಲ್ಲೂ ಎಸ್‌ಎಚ್‌ಎಚ್‌ನ ಒಂದು ಪ್ರತಿ ಕೆಲಸ ಮಾಡುವುದಿಲ್ಲ, ಇನ್ನೊಂದು ಸರಿ ಇದೆ. ಅಂದರೆ ಸಂಕೇತ ಹೆಚ್ಚೂಕಡಿಮೆ ಅರ್ಧ. ಇಲಿಯಲ್ಲಿ ಹೀಗಿದ್ದರೆ ಏನೂ ಆಗುವುದಿಲ್ಲ, ಮರಿ ಚೆನ್ನಾಗೇ ಹುಟ್ಟುತ್ತದೆ. ಇಲಿಯಲ್ಲಿ ತೊಂದರೆ ಆಗಬೇಕಾದರೆ ಎರಡೂ ಪ್ರತಿ ಕೆಡಬೇಕು. ಮನುಷ್ಯ ಭ್ರೂಣಕ್ಕೆ ಅರ್ಧ ಎನ್ನುವುದು ಅಂಚಿನ ಮೇಲಿನ ಪ್ರಮಾಣ. ಅಂಚಿನ ಮೇಲೆ ನಿಂತಾಗ ಸಣ್ಣ ಸಂಗತಿಯೂ ಆಚೆಗೋ ಈಚೆಗೋ ತಳ್ಳಬಲ್ಲದು.

ಆ ಸಣ್ಣ ಸಂಗತಿಗಳು ಯಾವುವು? ಒಂದು, ಉಳಿದ ಜೀನ್‌ಗಳು. ಸಂಕೇತವನ್ನು ಹಿಡಿಯಲು ಪ್ಯಾಚ್ಡ್‌ಗೆ ಸಹಾಯ ಮಾಡುವ ಸಿಡಾನ್, ಬಾಕ್, ಗ್ಯಾಸ್1 ಎಂಬ ಪ್ರೋಟೀನುಗಳಿವೆ. ಸಿಡಾನ್ ಇಲ್ಲದ ಇಲಿಗಳಲ್ಲಿ ದೋಷದ ತೀವ್ರತೆ ಇಲಿಯ ತಳಿಗೆ ತಕ್ಕಂತೆ ಬದಲಾಗುತ್ತದೆ. ಒಂದು ತಳಿಯಲ್ಲಿ ಮೆದುಳು ಎರಡಾಗದು, ಇನ್ನೊಂದರಲ್ಲಿ ಹೆಚ್ಚೇನೂ ಕಾಣದು. ಎರಡು, ಪರಿಸರ. ಹೆಚ್ಚೇನೂ ಕಾಣದ ಅದೇ ತಳಿಗೆ ಗರ್ಭದ ಏಳನೇ ದಿನದ ಸುಮಾರಿಗೆ ಮದ್ಯಸಾರ ಕೊಟ್ಟರೆ ಹೋಲೋಪ್ರೊಸೆನ್ಸೆಫಲಿ ಬರುತ್ತದೆ. ಸಿಡಾನ್ ಕೊರತೆ ಒಂದೇ ಇದ್ದರೂ ಹಾಗಾಗದು, ಮದ್ಯಸಾರ ಒಂದೇ ಇದ್ದರೂ ಹಾಗಾಗದು. ಎರಡೂ ಕೂಡಿದರೆ ಆಗುತ್ತದೆ. ಮನುಷ್ಯರಲ್ಲಿ, ಗರ್ಭಕ್ಕೆ ಮೊದಲೇ ಇದ್ದ ಸಕ್ಕರೆ ಕಾಯಿಲೆ ಅಪಾಯ ಹೆಚ್ಚಿಸುತ್ತದೆ ಎನ್ನುವುದು ಚೆನ್ನಾಗಿ ಗೊತ್ತಿರುವ ವಿಷಯ. ಕೊಲೆಸ್ಟರಾಲ್ ಕೂಡ ಲೆಕ್ಕಕ್ಕೆ ಬರುತ್ತದೆ. ಎಸ್‌ಎಚ್‌ಎಚ್ ಪ್ರೋಟೀನು ತನ್ನನ್ನು ತಾನೇ ಕತ್ತರಿಸಿಕೊಂಡು, ಸಂಕೇತದ ತುಂಡಿನ ತುದಿಗೆ ಕೊಲೆಸ್ಟರಾಲ್ ಅಂಟಿಸಿಕೊಳ್ಳುತ್ತದೆ. ಕೊಲೆಸ್ಟರಾಲ್ ತಯಾರಿಕೆಯೇ ಕೆಡುವ ಸ್ಮಿತ್-ಲೆಮ್ಲಿ-ಒಪಿಟ್ಜ್ ಕಾಯಿಲೆಯಲ್ಲಿ ಕೆಲವರಿಗೆ ಹೋಲೋಪ್ರೊಸೆನ್ಸೆಫಲಿ ಇರುತ್ತದೆ. ಆ ಪರೀಕ್ಷೆಯೂ ಇಲ್ಲಿ ಸರಿಯಾಗಿತ್ತು.

ಎರಡನೇ ಬದಲಾವಣೆಯೊಂದು ಇದೆಯೇ ಎಂದು ಎಕ್ಸೋಮ್, ಅಂದರೆ ಪ್ರೋಟೀನು ಬರೆಯುವ ಡಿಎನ್‌ಎ ಭಾಗ, ಪೂರ್ತಿ ನೋಡಿಸಿದೆವು. ಹೇಳುವಂಥದ್ದೇನೂ ಸಿಗಲಿಲ್ಲ. ಸಿಗದಿದ್ದರೆ ಬೇರೇನೂ ಇಲ್ಲ ಎಂದು ಅರ್ಥವಲ್ಲ. ಎಸ್‌ಎಚ್‌ಎಚ್‌ನ ನಿಯಂತ್ರಣದ ತುಣುಕುಗಳು ಜೀನ್‌ನಿಂದ ಬಹಳ ದೂರ ಇರುತ್ತವೆ. ಮುಮ್ಮೆದುಳಿನಲ್ಲಿ ಅದನ್ನು ಚಾಲೂ ಮಾಡುವ ಒಂದು ತುಣುಕು ಸುಮಾರು 460,000 ಅಕ್ಷರಗಳ ಆಚೆ ಇದೆ. ಸಿಕ್ಸ್3 ಬಂದು ಕೂರುವುದು ಅಲ್ಲೇ. ಎಕ್ಸೋಮ್ ಪರೀಕ್ಷೆ ಅಂಥ ಜಾಗಗಳನ್ನು ಓದುವುದಿಲ್ಲ.

ತಾಯಿ ಒಂದು ದಿನ ಒಬ್ಬರೇ ಬಂದು ಕೇಳಿದರು: "ನಾನೇನಾದ್ರೂ ತಿಂದಿದ್ದಕ್ಕೆ ಮೊದಲನೇದು ಹಾಗಾಯ್ತಾ ಮೇಡಂ?" ಕುರಿಯ ಕಥೆಯನ್ನು ಅವರು ಎಲ್ಲೋ ಓದಿದ್ದರು. ಅವರ ಆಹಾರ, ಔಷಧಿ ಎಲ್ಲವನ್ನೂ ಮತ್ತೆ ನೋಡಿದೆವು. ಗುಮಾನಿಪಡುವಂಥದ್ದು ಒಂದೂ ಇರಲಿಲ್ಲ. ಅದನ್ನು ಹಾಗೇ ಹೇಳಿದೆವು. ಅಂಚಿನ ಮೇಲಿನ ಸಂಕೇತ ಸುಮ್ನೆ ಕಾಕತಾಳೀಯವಾಗಿಯೂ ಆಚೆ ಬೀಳಬಹುದು. ಜೀನ್‌ಗಳೆಲ್ಲ ಒಂದೇ ಆಗಿರುವ ಒಳತಳಿ ಇಲಿಗಳಲ್ಲೇ, ಒಂದೇ ಗರ್ಭದ ಮರಿಗಳಲ್ಲೇ, ಇಂಥ ದೋಷದ ತೀವ್ರತೆ ಒಂದೇ ಸಮ ಇರುವುದಿಲ್ಲ. ಅವರಿಗೆ ಹೆಚ್ಚು ನೆಮ್ಮದಿ ಕೊಟ್ಟದ್ದು ಈ ಮಾತು. ತಪ್ಪು ಯಾರದ್ದೂ ಅಲ್ಲ ಎಂದು ಬರಿದೇ ಹೇಳಿದ್ದರೆ ಅವರು ನಂಬುತ್ತಿರಲಿಲ್ಲ ಅನಿಸುತ್ತದೆ.

ಎರಡನೇ ಮಗು

ಗರ್ಭ ಮುಂದುವರಿಸಲು ದಂಪತಿ ನಿರ್ಧರಿಸಿದರು. ಲೋಬಾರ್ ಬಗೆಯ ಮಕ್ಕಳಲ್ಲಿ ಹಲವರು ನಡೆಯುತ್ತಾರೆ, ಮಾತಾಡುತ್ತಾರೆ. ಕೆಲವರಿಗೆ ತೊಂದರೆ ಜಾಸ್ತಿ. ಯಾವುದನ್ನೂ ಮೊದಲೇ ಖಚಿತವಾಗಿ ಹೇಳಲಾಗದು ಎಂದು ಅವರಿಗೆ ತಿಳಿಸಿದ್ದೆವು.

ನಮ್ಮ ಕೈಯಲ್ಲಿದ್ದದ್ದು ತಯಾರಿ. ಎಸ್‌ಎಚ್‌ಎಚ್ ರೂಪಿಸುವ ಕೆಳಭಾಗದ ಮಧ್ಯದಲ್ಲೇ ಹೈಪೋಥಲಾಮಸ್ ಇದೆ. ದೇಹದ ನೀರು, ಉಪ್ಪು, ತಾಪ, ಬಾಯಾರಿಕೆಯನ್ನು ಹದದಲ್ಲಿಡುವುದು ಅದು. ಈ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಹಾರ್ಮೋನ್ ತೊಂದರೆ ಡಯಾಬಿಟಿಸ್ ಇನ್ಸಿಪಿಡಸ್ (ಇದು ಸಕ್ಕರೆ ಕಾಯಿಲೆಯಲ್ಲ). ನೀರನ್ನು ಹಿಡಿದಿಡುವ ಹಾರ್ಮೋನ್ ಸಾಲದೆ ಮೂತ್ರ ಜಾಸ್ತಿ ಹೋಗಿ, ರಕ್ತದಲ್ಲಿ ಸೋಡಿಯಂ ಏರುತ್ತದೆ. ಕೂಸು ಬಾಯಾರಿಕೆ ಎಂದು ಹೇಳಲಾರದು. ಜ್ವರ ಬಂದ ಹಾಗೆ, ಸುಸ್ತಾದ ಹಾಗೆ ಕಾಣುತ್ತದೆ. ಹಾಗಾಗಿ ಮಗು ಹುಟ್ಟುವ ಮೊದಲೇ ಸೋಡಿಯಂ ನೋಡುವ ವೇಳಾಪಟ್ಟಿ ಬರೆದಿಟ್ಟೆವು. ಮೊದಲ ತಿಂಗಳಲ್ಲೇ ಸೋಡಿಯಂ ನಿಧಾನವಾಗಿ ಏರತೊಡಗಿತು. ಮಗು ಮಂಕಾಗುವ ಮೊದಲೇ, ಆ ಹಾರ್ಮೋನ್ ಬದಲಿಗೆ ಕೊಡುವ ಡೆಸ್ಮೋಪ್ರೆಸ್ಸಿನ್ ಶುರುವಾಯಿತು. ಆ ಔಷಧಿ ಎಳೆಗೂಸಿಗೆ ಸ್ವಲ್ಪ ಹೆಚ್ಚಾದರೂ ಸೋಡಿಯಂ ಮಿತಿಮೀರಿ ಇಳಿಯುತ್ತದೆ. ಮೊದಲ ವಾರಗಳು ಈ ಕಾರಣಕ್ಕೆ ಕಠಿಣವಾಗಿದ್ದವು.

ಫಿಟ್ಸ್ ಸಹ ಬಂತು. ಇದಕ್ಕೂ ಸಂಕೇತದ ಕಥೆಯಲ್ಲಿ ಒಂದು ಎಳೆ ಇದೆ. ಮೆದುಳಿನ ಮೇಲ್ಪದರದಲ್ಲಿ ಉದ್ರೇಕವನ್ನು ತಗ್ಗಿಸುವ ಅನೇಕ ನರಕೋಶಗಳು ಅಲ್ಲೇ ಹುಟ್ಟುವುದಿಲ್ಲ. ಎಸ್‌ಎಚ್‌ಎಚ್‌ನ ಪ್ರಭಾವದಲ್ಲಿರುವ ಕೆಳಭಾಗದಲ್ಲಿ ಹುಟ್ಟಿ, ಅಲ್ಲಿಂದ ಅಡ್ಡಲಾಗಿ ಸಾಗಿ ಮೇಲಕ್ಕೆ ಬರುತ್ತವೆ. ತೀವ್ರ ಹೋಲೋಪ್ರೊಸೆನ್ಸೆಫಲಿಯಿದ್ದ ಮನುಷ್ಯ ಮೆದುಳುಗಳಲ್ಲಿ ಇಂಥ ಕೆಲವು ಬಗೆಯ ಕೋಶಗಳು ಕಡಿಮೆ ಇದ್ದದ್ದು ಕಂಡುಬಂದಿದೆ. ಈ ಮಗುವಿನ ಫಿಟ್ಸ್‌ಗೆ ಅದೇ ಕಾರಣ ಎಂದು ಹೇಳಲು ನಮ್ಮ ಬಳಿ ಆಧಾರ ಇಲ್ಲ. ಔಷಧಿಗೆ ಫಿಟ್ಸ್ ಹತೋಟಿಗೆ ಬಂತು. ಮಗು ತಡವಾಗಿ ನಡೆಯಿತು. ಮಾತು ಕಡಿಮೆ, ಆದರೆ ಮನೆಯವರ ಮಾತು ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತದೆ.

ಮೂರನೇ ಗರ್ಭದ ಮೊದಲು

ಇಲ್ಲಿ ಆಯ್ಕೆಗಳನ್ನು ಮುಂದಿಡುವುದು ನನಗೆ ಎಲ್ಲಕ್ಕಿಂತ ಕಷ್ಟದ ಭಾಗವಾಗಿತ್ತು. ಬದಲಾವಣೆ ಮಗುವಿಗೆ ಹೋಗುವ ಸಾಧ್ಯತೆ ಪ್ರತಿ ಸಲವೂ 50 ಶೇಕಡಾ. ಹೋದರೆ ಏನಾಗುತ್ತದೆ ಎನ್ನುವುದನ್ನು ಮಾತ್ರ ಯಾವ ಜೀನ್ ಪರೀಕ್ಷೆಯೂ ಹೇಳದು. ಅಷ್ಟರಲ್ಲಿ ತಂದೆಯ ತಾಯಿಯ ಪರೀಕ್ಷೆಯೂ ಆಗಿತ್ತು. ಅವರಲ್ಲೂ ಅದೇ ಬದಲಾವಣೆ ಇತ್ತು. ಎರಡು ಬಾಚಿಹಲ್ಲು, ಸರಿಯಾದ ಮೂಗು, ವಾಸನೆಗೂ ತೊಂದರೆ ಇಲ್ಲ. ಹುಡುಕಿದರೂ ಒಂದು ಗುರುತು ಸಿಗಲಿಲ್ಲ. ತಂದೆಯ ತಮ್ಮ ಪರೀಕ್ಷೆ ಬೇಡ ಎಂದರು. ಅದು ಅವರ ಹಕ್ಕು. ಮನಸ್ಸು ಬದಲಾದರೆ ಇರಲಿ ಎಂದು ಒಂದು ಪತ್ರ ಬರೆದುಕೊಟ್ಟೆವು.

ಒಂದು ದಾರಿ ಐವಿಎಫ್ ಮಾಡಿ, ಬದಲಾವಣೆ ಇಲ್ಲದ ಭ್ರೂಣವನ್ನು ಆರಿಸುವುದು. ತಂಡದಲ್ಲಿ ಹೆಚ್ಚಿನವರು ಅದನ್ನೇ ಬಯಸಿದ್ದರು. ವಿವರಿಸಿ ಮುಗಿಸಿದ ಮೇಲೆ ತಂದೆ ಕೇಳಿದರು: "ಹಾಗಾದ್ರೆ ನನ್ನಂಥವನನ್ನೂ, ನಮ್ಮಮ್ಮನಂಥವರನ್ನೂ ಪಕ್ಕಕ್ಕೆ ಇಟ್ಟುಬಿಡ್ತೀರಿ ಅಲ್ವಾ?" ಹೌದು ಎಂದೆವು. ಬೇರೆ ಉತ್ತರ ಇರಲಿಲ್ಲ. ತಾಯಿಗೆ ಆ ದಾರಿಯ ಬಗ್ಗೆ ಒಲವಿತ್ತು. ಎರಡನೇ ಮಗುವಿನ ಆರೈಕೆಯ ಭಾರ ಹೆಚ್ಚಾಗಿ ಅವರ ಮೇಲೇ ಇತ್ತು, ಆ ಒಲವು ನನಗೆ ಅರ್ಥವಾಗುತ್ತದೆ. ಇಬ್ಬರೂ ಬಹಳ ಕಾಲ ಮಾತಾಡಿಕೊಂಡು, ಸಹಜವಾಗಿ ಗರ್ಭ ಧರಿಸಿ ಬೇಗ ಪರೀಕ್ಷೆ ಮಾಡಿಸುವುದು ಎಂದು ತೀರ್ಮಾನಿಸಿದರು.

ಮಾಸುವಿನ ತುಣುಕು ತೆಗೆದು ಜೀನ್ ಪರೀಕ್ಷೆ ಮಾಡುವುದರಿಂದ ಏನು ಉಪಯೋಗ ಎಂದು ಒಬ್ಬ ಸಹೋದ್ಯೋಗಿ ಕೇಳಿದರು. ಕೊನೆಗೆ ತೀರ್ಮಾನ ಸ್ಕ್ಯಾನ್ ಮೇಲೇ ತಾನೇ? ಪರೀಕ್ಷೆಯಲ್ಲಿ ಗರ್ಭಪಾತದ ಸಣ್ಣ ಅಪಾಯವೂ ಇದೆ. ವಾದ ಹಗುರವಾದದ್ದಲ್ಲ. ಆದರೆ ಬದಲಾವಣೆ ಇಲ್ಲ ಎಂದು ಬಂದರೆ ಆರು ತಿಂಗಳ ಆತಂಕ ತಪ್ಪುತ್ತದೆ. ಇದೆ ಎಂದು ಬಂದರೆ ಏನನ್ನು ಹುಡುಕಬೇಕು, ಹೆರಿಗೆ ಎಲ್ಲಿ ಆಗಬೇಕು ಎನ್ನುವುದೆಲ್ಲ ಬದಲಾಗುತ್ತದೆ. ದಂಪತಿ ಪರೀಕ್ಷೆ ಮಾಡಿಸಿದರು.

ಇದೆ ಎಂದು ಬಂತು. ಮೂರಕ್ಕೆ ಮೂರೂ ಸಲ. ಲೆಕ್ಕದ ಪ್ರಕಾರ ಹೀಗಾಗುವುದು ಎಂಟರಲ್ಲಿ ಒಂದು. ಅಪರೂಪ ಏನಲ್ಲ, ಆದರೆ ಎದುರಿಗೆ ಕೂತವರಿಗೆ ಆ ಲೆಕ್ಕ ಯಾವ ಸಮಾಧಾನವನ್ನೂ ಕೊಡುವುದಿಲ್ಲ.

ಆಮೇಲೆ ನಡೆದದ್ದು

13ನೇ ವಾರದಲ್ಲಿ ಚಿಟ್ಟೆಯ ಗುರುತು ಸರಿ. 20ನೇ ವಾರದಲ್ಲಿ ಎರಡನೇ ಮಗುವಿನಲ್ಲಿ ಇಲ್ಲದಿದ್ದ ನಡುಗೋಡೆ ಇಲ್ಲಿ ಇತ್ತು. ಎಂಆರ್‌ಐಯಲ್ಲಿ ಎರಡು ಅರ್ಧಗೋಳಗಳೂ ಪೂರ್ತಿ ಬೇರೆ, ಫಾರ್ನಿಕ್ಸ್ ಎರಡು. 'ಮೆದುಳು ಸರಿಯಾಗಿ ಎರಡಾಗಿದೆ' ಎಂದು ಬರೆದುಕೊಟ್ಟೆವು. 'ಮಗು ಪೂರ್ತಿ ಆರೋಗ್ಯವಾಗಿದೆ' ಎಂದು ಬರೆಯಲಿಲ್ಲ. ಅಜ್ಜಿಯ ಹಾಗೆ ಇರಬಹುದು, ಅಪ್ಪನ ಹಾಗೂ ಇರಬಹುದು ಎಂದೆವು.

ಮಗು ಹುಟ್ಟಿದ ಕೂಡಲೇ ಉಸಿರಾಟದಲ್ಲಿ ಸದ್ದು ಬಂತು. ಹಾಲು ಕುಡಿಯುವಾಗ ನೀಲಿಯಾಗುತ್ತಿತ್ತು. ಎಳೆಗೂಸುಗಳು ಹೆಚ್ಚಾಗಿ ಮೂಗಿನಿಂದಲೇ ಉಸಿರಾಡುವುದು. ಮೂಗು ಕಟ್ಟಿದರೆ ಕಷ್ಟ. ಮೂಗಿನ ಮೂಳೆಯ ಬಾಗಿಲು ಕಿರಿದಾಗಿರಬಹುದು ಎಂದು ನಾವು ಮೊದಲೇ ಎಣಿಸಿದ್ದರಿಂದ ಕಿವಿ-ಮೂಗು-ಗಂಟಲು ತಜ್ಞರು ಹೆರಿಗೆಯ ಹೊತ್ತಿಗೆ ಅಲ್ಲೇ ಇದ್ದರು. ಸಿಟಿಯಲ್ಲಿ ಅದು ಖಚಿತವಾಯಿತು. ಅದೇ ಚಿತ್ರದಲ್ಲಿ ಮೇಲಿನ ದವಡೆಯ ನಡುವೆ ಒಂದೇ ಬಾಚಿಹಲ್ಲಿನ ಮೊಳಕೆಯೂ ಕಂಡಿತು. ಮೂಗಿಗೆ ಹಾಕುವ ಹನಿ, ತೇವ, ಸ್ವಲ್ಪ ಕಾಲ ಕೊಳವೆಯಿಂದ ಹಾಲು. ಆಪರೇಷನ್ ಬೇಕಾಗಲಿಲ್ಲ. ಮೂಗು ಬೆಳೆದಂತೆ ದಾರಿ ಅಗಲವಾಯಿತು. ಮೂಗಿನ ಬಾಗಿಲು ಕಿರಿದಾಗಿ ಒಂದೇ ಬಾಚಿಹಲ್ಲೂ ಇದ್ದರೆ ಪಿಟ್ಯುಟರಿ ಹಾರ್ಮೋನ್‌ಗಳನ್ನು ನೋಡಲೇಬೇಕು. ನೋಡಿದೆವು, ಸರಿ ಇದ್ದವು. ಸೋಡಿಯಂ ಸರಿ. ಬೆಳವಣಿಗೆ ವಯಸ್ಸಿಗೆ ತಕ್ಕಂತಿದೆ.

ಇಂಥ ಪ್ರಕರಣ ಎದುರಾದವರು ಇದರಿಂದ ತೆಗೆದುಕೊಳ್ಳಬಹುದಾದ ಕೆಲವು ಸಂಗತಿಗಳಿವೆ. ಕ್ರೋಮೋಸೋಮ್ ಸರಿ ಇದೆ ಎಂದ ಮಾತ್ರಕ್ಕೆ ಆಕಸ್ಮಿಕ ಎಂಬ ಪದ ಬಳಸಬಾರದು. ಕಳೆದುಹೋದ ಗರ್ಭದ ಡಿಎನ್‌ಎ ಉಳಿಸಿಡಲು ತಂದೆತಾಯಿಯ ಒಪ್ಪಿಗೆ ಕೇಳಬೇಕು. ಆ ದಿನ ಕೇಳುವುದು ಕಷ್ಟ, ಆದರೂ ಕೇಳಬೇಕು. ಇತಿಹಾಸ ಕೇಳುವಾಗ ಕಾಯಿಲೆಯ ಹೆಸರು ಹಿಡಿದು ಕೇಳುವ ಬದಲು, ಸಂಕೇತ ಎಲ್ಲೆಲ್ಲಿ ಕೆಲಸ ಮಾಡುತ್ತದೋ ಆ ಜಾಗಗಳನ್ನು ಹಿಡಿದು ಕೇಳುವುದು ಹೆಚ್ಚು ಫಲ ಕೊಡುತ್ತದೆ: ಹಲ್ಲು, ಮೂಗು, ವಾಸನೆ, ಕಣ್ಣುಗಳ ನಡುವಿನ ಅಂತರ. ಈಗಿನ ಹಲ್ಲನ್ನು ನೋಡಿದರೆ ಸಾಲದು, ಹುಟ್ಟಿನಿಂದ ಬಂದ ಹಲ್ಲು ಹೇಗಿತ್ತು ಎಂದು ಕೇಳಬೇಕು. ನಮ್ಮ ಫಾರಂನಲ್ಲಿ ಈಗ ಆ ಸಾಲು ಇದೆ. ಜೀನ್ ವರದಿಯನ್ನು ಕೈಗಿಡುವಾಗ, ಅದು ಏನನ್ನು ಹೇಳುವುದಿಲ್ಲ ಎನ್ನುವುದನ್ನೂ ಅದೇ ಪುಟದಲ್ಲಿ ಬರೆಯುತ್ತೇವೆ.

ತಂಡದಲ್ಲಿ ಇನ್ನೂ ಒಮ್ಮತ ಬರದ ವಿಷಯ ಒಂದಿದೆ. ಐವಿಎಫ್ ದಾರಿಯನ್ನು ನಾವು ಇನ್ನಷ್ಟು ಒತ್ತಿ ಹೇಳಬೇಕಿತ್ತೇ? ಮೂರನೇ ಮಗು ಚೆನ್ನಾಗಿದೆ ಎನ್ನುವುದು ಇದಕ್ಕೆ ಉತ್ತರವಾಗದು, ಫಲ ಬೇರೆಯೂ ಆಗಬಹುದಿತ್ತು. ಒತ್ತಬಾರದು ಎಂದು ನನ್ನ ನಿಲುವು. ನಮ್ಮ ಮಕ್ಕಳ ವೈದ್ಯರು ಇದನ್ನು ಒಪ್ಪುವುದಿಲ್ಲ. ಈ ನಡುವೆ ತಂದೆಯ ತಮ್ಮ ಮದುವೆಯಾಗಿದ್ದಾರೆ. ಆ ಪತ್ರ ಹಿಡಿದು ಮುಂದಿನ ವಾರ ಹೆಂಡತಿಯ ಜೊತೆ ಬರುತ್ತೇವೆ ಎಂದು ಫೋನ್ ಮಾಡಿದ್ದಾರೆ.